ಅಮ್ಮುವಿನ ಸಕ್ಕರೆ ಔಷಧ

ಸಿಂಧನೂರು
೨೮ ಜುಲೈ ೨೦೨೪

ಅಮ್ಮು,

ಫೋನ್ ಇರುವಾಗ ಅಕ್ಕ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಅವ್ವ ಚೆನ್ನಾಗಿ ಉಸಿರಾಡುತ್ತಿದ್ದಾಳೆ, ಬೈಯುತ್ತಲೂ ಇದ್ದಾಳೆ. ಫೋನಿನಲ್ಲಿ ನಿನ್ನ ಜೊತೆ ಜಗಳವಾಡುವುದು ನನ್ನಿಂದಾಗದು, ಅಷ್ಟೇ. ನಾನು ಎರಡು ಮಾತು ಜೋರಾಗಿ ಆಡಿದರೆ ನೀನು ಮೂಗು ಎಳೆಯುತ್ತೀ. ಪಡಸಾಲೆಯಲ್ಲಿ ಕೂತ ಅವ್ವನಿಗೆ ಅದು ಹೇಗೋ ಕೇಳಿಸುತ್ತದೆ. ಆಮೇಲೆ ಬೈಸಿಕೊಳ್ಳುವವಳು ನಾನು. ನೀನು ಹುಟ್ಟಿದಾಗಿನಿಂದ ಇದೇ ನಡೆದಿದೆ. ಕಾಗದದಲ್ಲಾದರೆ ನೀನು ಎಷ್ಟು ಬೇಕಾದರೂ ಅಳು, ನನಗೆ ಕೇಳಿಸುವುದಿಲ್ಲ.

ಕಳೆದ ಸೋಮವಾರ ರಾಯಚೂರಿನಲ್ಲಿ ಅವ್ವನಿಗೆ ಮೊದಲನೆಯ ಕಿಮೋ ಕೊಟ್ಟರು. ಕೆಂಪು ಔಷಧ ನಳಿಗೆಯಲ್ಲಿ ಇಳಿಯುವಾಗ "ಶರಬತ್ ಕಂಡಂಗ ಕಾಣ್ತೈತಿ ನೋಡ್ರಿ" ಎಂದು ನರ್ಸಿನ ಜೊತೆ ನಗೆಯಾಡಿದಳು. ವಾಪಸು ಬರುವಾಗ ಬಸ್ಸು ಮಾನ್ವಿ ಮುಟ್ಟುವ ಮೊದಲೇ ವಾಂತಿ ಶುರುವಾಯಿತು. ಮೂರು ದಿನ ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಐದನೆಯ ದಿನ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ ತೀರ್ಪು ಕೊಟ್ಟಳು.

"ಇನ್ನ ನಾ ಅಲ್ಲಿಗೆ ಹೋಗಂಗಿಲ್ಲ ಬೇ. ಅಮ್ಮು ಸಕ್ಕರಿ ಔಷಧ ಮಾಡ್ಯಾಳಲ್ಲ, ಅದು ಬರೋತನಕ ತಡೀತೀನಿ. ಹಡೆದ ಮಗಳು ಅಮೃತ ಕಾಸಾಕತ್ತಾಳ, ಊರವರ ವಿಷ ನಾ ಯಾಕ ತಗೋಬೇಕು?"

"ಎಷ್ಟು ದಿನ ತಡೀತಿ?" ಎಂದು ಕೇಳಿದೆ.

"ಅಕಿ ಕೊಡೋತನಕ."

ಡಾಕ್ಟರು ಹೇಳಿದ್ದನ್ನು ನಿನಗೂ ಹೇಳುತ್ತೇನೆ. ಎದೆಯ ಗಂಟು ತೆಗೆದಾಯಿತು, ಆದರೆ ಅದು ಕಂಕುಳಿನ ತನಕ ಹಬ್ಬಿತ್ತು. ಇಪ್ಪತ್ತೊಂದು ದಿನಕ್ಕೆ ಒಂದರಂತೆ ಆರು ಕಿಮೋ ಆಗಲೇಬೇಕು. ನಡುವೆ ಬಿಟ್ಟರೆ ಒಳಗೆ ಉಳಿದದ್ದು ಮತ್ತೆ ಚಿಗುರುತ್ತದೆ. ಎರಡನೆಯದು ಆಗಸ್ಟ್ ಹನ್ನೆರಡಕ್ಕೆ.

ಈ ಹುಚ್ಚು ಎಲ್ಲಿಂದ ಬಂತೆಂದು ನಿನಗೆ ಗೊತ್ತು. ಜನವರಿಯಲ್ಲಿ ನಮ್ಮೂರು ಮಸ್ಕಿಯಲ್ಲಿ ನಿನಗೆ ಸನ್ಮಾನ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಮರುದಿನ ಪೇಪರಿನಲ್ಲಿ "ಸಕ್ಕರೆಯಿಂದ ಕ್ಯಾನ್ಸರ್‌ಗೆ ಮದ್ದು: ಮಸ್ಕಿ ಯುವತಿಯ ಸಾಧನೆ" ಎಂದು ಬಂತು. ಆ ವರದಿಗಾರನಿಗೆ ಫೋನ್ ಮಾಡಿ, ಅಯ್ಯಾ, ಇದನ್ನು ಇನ್ನೂ ಇಲಿಗೂ ಕೊಟ್ಟಿಲ್ಲ ಎಂದು ನೀನು ಹೇಳಲಿಲ್ಲ. ಅವ್ವನಿಗೆ ಕೈಬರಹ ಓದಲು ಬಾರದು, ಅಚ್ಚಿನ ಅಕ್ಷರವಾದರೆ ಕೂಡಿಸಿಕೊಂಡು ಓದುತ್ತಾಳೆ. ಹಾಗಾಗಿ ಅವಳ ಪಾಲಿಗೆ ಅಚ್ಚಾದದ್ದೆಲ್ಲ ಶರಣರ ವಾಕ್ಯ. ಆ ತುಂಡನ್ನು ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ ಜಗಲಿಯ ಮೇಲೆ ದೇವರ ಪಕ್ಕ ಇಟ್ಟಿದ್ದಾಳೆ.

ಅವಳೊಬ್ಬಳೇ ಆದರೆ ಹೋಗಲಿ. ಮೊನ್ನೆ ಪಾಮನಕಲ್ಲೂರಿನಿಂದ ಅಂಬಪ್ಪ ಎನ್ನುವವರು ಹೆಂಡತಿಯ ಚೀಟಿ ಹಿಡಿದು ನನ್ನ ಮೆಡಿಕಲ್ ಶಾಪಿಗೆ ಬಂದರು. "ಅಕ್ಕಾರ, ನಿಮ್ಮ ತಂಗಿ ಮಾಡ್ಯಾರಲ್ಲ, ಆ ಸಕ್ಕರಿ ಗುಳಿಗಿ ಕೊಡ್ರಿ" ಎಂದರು. ಅಂಥದ್ದು ಇಲ್ಲ, ಮೊದಲು ರಾಯಚೂರಿಗೆ ಕರೆದುಕೊಂಡು ಹೋಗಿ ಎಂದೆ. ನಾನು ಮುಚ್ಚಿಟ್ಟಿದ್ದೇನೆ ಎನ್ನುವ ಹಾಗೆ ನನ್ನ ಕಪಾಟು ನೋಡಿಕೊಂಡು ಹೋದರು.

ಇದನ್ನೆಲ್ಲ ಬರೆಯುವಾಗ ನನಗೆ ಹೊಟ್ಟೆಕಿಚ್ಚಿಲ್ಲ ಎಂದು ತಿಳಿಯಬೇಡ. ಇದೆ, ಬೇಕಾದಷ್ಟಿದೆ. ಎರಡು ತಿಂಗಳಿಂದ ಅವಳ ಗಾಯ ತೊಳೆದವಳು ನಾನು, ಬಂದವರಿಗೆ ಅವಳು ತೋರಿಸುವುದು ನಿನ್ನ ಫೋಟೋ. ನನ್ನನ್ನು "ಇಕಿ ದೊಡ್ಡಾಕಿ, ಗುಳಿಗಿ ಅಂಗಡಿ ಇಟ್ಟಾಳ" ಎಂದು ಹೇಳಿ ಮುಗಿಸುತ್ತಾಳೆ. ತಂಗಿಯ ಓದಿಗಾಗಿ ತನ್ನ ಓದು ಬಿಟ್ಟ ಅಕ್ಕ ಎಂದು ನೆಂಟರು ಹೊಗಳುತ್ತಾರೆ, ನಾನೂ ತಲೆ ತಗ್ಗಿಸಿ ಕೇಳಿಕೊಳ್ಳುತ್ತೇನೆ. ನಿಜ ನಮ್ಮಿಬ್ಬರಿಗೇ ಗೊತ್ತು. ಲಿಂಗಸುಗೂರಿನಲ್ಲಿ ಬಿಎಸ್ಸಿ ಮುಗಿಸಿ ಎಂಎಸ್ಸಿ ಪ್ರವೇಶ ಪರೀಕ್ಷೆಗೆ ಎರಡು ಸಲ ಕೂತೆ, ಎರಡು ಸಲವೂ ಬಿದ್ದೆ, ಆಮೇಲೆ ಫಾರ್ಮಸಿ ಡಿಪ್ಲೊಮಾ ಮಾಡಿ ಅಂಗಡಿ ಇಟ್ಟೆ. ನೀನು ಒಂದೇ ಸಲಕ್ಕೆ ಗೆದ್ದೆ. ಆ ದಿನ ಓಣಿಗೆಲ್ಲ ಪೇಢೆ ಹಂಚಿದವಳು ನಾನೇ. ಒಂದನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ಆದ್ದರಿಂದ ಈಗ ನೀನು ಒಂದು ಕೆಲಸ ಮಾಡು. ನನ್ನ ಹತ್ತಿರ ಔಷಧ ಇಲ್ಲ, ನೀನು ಆಸ್ಪತ್ರೆಗೆ ಹೋಗು ಎಂದು ಅವ್ವನಿಗೆ ನಿನ್ನ ಕೈಯಾರೆ ಬರೆ. ಫೋನಿನಲ್ಲಿ ಹೇಳಿದರೆ ನಾನು ಹೇಳಿಕೊಟ್ಟೆ ಎನ್ನುತ್ತಾಳೆ. ಓದಿ ಹೇಳುವ ಕೆಲಸ ನನಗಿರಲಿ. ಅದನ್ನು ತುಂಬಾ ಸಂತೋಷದಿಂದ ಮಾಡುತ್ತೇನೆ.

ಸ್ಪೀಡ್ ಪೋಸ್ಟಿಗೇ ಹಾಕು.

ಗುಳಿಗಿ ಅಂಗಡಿಯ ಅಕ್ಕ,
ಶಿವರಂಜನಿ

*

ಹೈದರಾಬಾದ್
೨ ಆಗಸ್ಟ್ ೨೦೨೪

ಪ್ರೀತಿಯ ಅಕ್ಕ,

ನಿನ್ನ ಪತ್ರ ಲ್ಯಾಬಿನ ವಿಳಾಸಕ್ಕೆ ಬಂತು. ಎಲ್ಲರೆದುರು ಒಡೆದೆ, ಎರಡನೆಯ ಸಾಲಿಗೇ ಮಡಚಿ ಜೇಬಿಗೆ ಹಾಕಿಕೊಂಡೆ.

ನೀನು ಬರೆದಷ್ಟು ಸರಳವಲ್ಲ ಅಕ್ಕ ಇದು. ಕ್ಯಾನ್ಸರ್ ಕೋಶ ಹೊಟ್ಟೆಬಾಕ. ಉಳಿದ ಕೋಶಗಳಿಗಿಂತ ಅದಕ್ಕೆ ಸಕ್ಕರೆ ಹೆಚ್ಚು ಬೇಕು. ಅದಕ್ಕಾಗಿ ತನ್ನ ಗೋಡೆಯಲ್ಲಿ ಸಕ್ಕರೆಗೆಂದೇ ಹೆಚ್ಚು ಬಾಗಿಲು ಇಟ್ಟುಕೊಂಡಿರುತ್ತದೆ. ನಾವು ಔಷಧದ ಅಣುವಿಗೆ ಸಕ್ಕರೆಯ ಒಂದು ಅಣು ಕಟ್ಟುತ್ತೇವೆ. ಬಾಗಿಲು ಕಾಯುವವನು ಸಕ್ಕರೆ ಬಂತೆಂದು ಒಳಗೆ ಬಿಟ್ಟುಕೊಳ್ಳುತ್ತಾನೆ, ಒಳಗೆ ಹೋದ ಮೇಲೆ ಗಂಟು ಬಿಚ್ಚಿ ಔಷಧ ತನ್ನ ಕೆಲಸ ಮಾಡುತ್ತದೆ. ಆಗ ಕಡಿಮೆ ಔಷಧ ಸಾಕು, ವಾಂತಿ, ಕೂದಲು ಉದುರುವುದು ಎಲ್ಲ ಕಡಿಮೆಯಾಗಬಹುದು. ವಿಚಿತ್ರ ನೋಡು, ಅವ್ವನಿಗೆ ಕೊಟ್ಟ ಆ ಕೆಂಪು ಔಷಧಕ್ಕೇ ನಾನು ಐದು ವರ್ಷದಿಂದ ಸಕ್ಕರೆ ಕಟ್ಟುತ್ತಿರುವುದು. ಇಲಿಗಳ ಮೇಲಿನ ಪ್ರಯೋಗ ನಡೆದಿದೆ. ಪೇಪರಿನವರು ಸ್ವಲ್ಪ ಹೆಚ್ಚಾಗಿ ಬರೆದರು, ಪೂರ್ತಿ ಸುಳ್ಳೇನೂ ಬರೆಯಲಿಲ್ಲ.

ಅವ್ವ ಸದ್ಯ ಒಂದು ನಂಬಿಕೆ ಹಿಡಿದು ಕೂತಿದ್ದಾಳೆ. ಈಗಲೇ ಅದನ್ನು ಮುರಿದರೆ ಅವಳ ಧೈರ್ಯವೂ ಹೋಗಬಹುದು. ನೀನೇ ಹೇಗಾದರೂ ಒಪ್ಪಿಸು ಅಕ್ಕ. ದಿನಾ ನೂರು ಗಿರಾಕಿಗಳಿಗೆ ಹೇಳಿ ಒಪ್ಪಿಸುತ್ತೀ, ನಿನಗೆ ಅದು ಬರುತ್ತದೆ, ನನಗೆ ಬರುವುದಿಲ್ಲ.

ಅವ್ವನಿಗೆ ಒಂದು ಚೀಟಿ ಇಟ್ಟಿದ್ದೇನೆ. ಎಳನೀರು ಕುಡಿಸು.

ನಿನ್ನ,
ಅಮ್ಮು

*

ಸಿಂಧನೂರು
೭ ಆಗಸ್ಟ್ ೨೦೨೪

ಅಮ್ಮು,

ನಿನ್ನ ಚೀಟಿ ಓದಿ ಹೇಳಿದೆ. "ಅವ್ವಾ, ಚೆನ್ನಾಗಿ ಊಟ ಮಾಡು, ಧೈರ್ಯವಾಗಿರು, ಎಲ್ಲ ಒಳ್ಳೆಯದಾಗುತ್ತದೆ." ಒಂದೂವರೆ ಸಾಲು. ಐದು ವರ್ಷ ಸಕ್ಕರೆ ಕಟ್ಟಿದವಳಿಗೆ ಕಹಿಯಾದ ಒಂದು ಸಾಲು ಬರೆಯಲು ಕೈ ಬರಲಿಲ್ಲ. "ಕೇಳಿದೇನು? ಧೈರ್ಯದಿಂದ ಇರು ಅಂದಾಳ. ಅಂದ್ರ ಔಷಧ ಹತ್ರ ಬಂದೈತಿ ಅಂತ ಅರ್ಥ" ಎಂದು ಅವ್ವ ನನಗೇ ಪಾಠ ಹೇಳಿದಳು.

ಮಾರನೆಯ ದಿನ ನಾನು ಅಂಗಡಿಗೆ ಹೋದಾಗ ಚೀಲ ತುಂಬಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿಬಿಟ್ಟಿದ್ದಾಳೆ. ತನ್ನ ತಮ್ಮ ಮರಿಸ್ವಾಮಿ ಮಾವನ ಮನೆಗೆ. ಶ್ರಾವಣ ಬಂತಲ್ಲ, ಸೋಮವಾರ ಗುರುಗುಂಟಾ ಅಮರೇಶ್ವರನ ದರ್ಶನ ಮಾಡಬೇಕಂತೆ. ಆಗಸ್ಟ್ ಹನ್ನೆರಡೂ ಸೋಮವಾರವೇ. ದೇವರನ್ನು ಅಡ್ಡ ನಿಲ್ಲಿಸಿಕೊಂಡರೆ ಮಗಳೇನು ಮಾಡಿಯಾಳು ಎಂದು ಲೆಕ್ಕ ಹಾಕಿದ್ದಾಳೆ.

ಮಾವನಿಗೆ ಫೋನ್ ಮಾಡಿದೆ. ಅವನೋ ನಿನ್ನ ಪೇಪರಿನ ತುಂಡಿಗೆ ಕಟ್ಟು ಹಾಕಿಸಿ ತನ್ನ ಬಟ್ಟೆ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ ಮನುಷ್ಯ. "ಅಮ್ಮು ಏನಂತಾಳ? ಅಕಿ ಹೂಂ ಅಂದ್ರ ನಾನ ಕಾರು ಮಾಡ್ಕೊಂಡು ರಾಯಚೂರಿಗೆ ಕರ್ಕೊಂಡು ಹೋಗ್ತೀನಿ. ನಿನ್ನ ಮಾತು ಅಕ್ಕ ಕೇಳಂಗಿಲ್ಲ ರಂಜು" ಎಂದ. ನನಗೆ ಇದನ್ನು ಅವನೇ ಹೇಳಬೇಕಾಗಿತ್ತೇ? ನಮ್ಮ ಮನೆಯವರು ನಿನ್ನೆ ಹಟ್ಟಿ ಗಣಿಯಿಂದ ಪಾಳಿ ಮುಗಿಸಿ ಬಂದಾಗ ಇವರಿಗೂ ಹೇಳಿಕೊಂಡೆ. ಇವರೂ "ಅಮೂಲ್ಯಾಗ ಹೇಳ್ಸು" ಎಂದರು. ನಾನು ಈ ಮನೆಯಲ್ಲಿ ಔಷಧ ಮಾರುವವಳು, ಆದರೆ ಔಷಧದ ಬಗ್ಗೆ ಮಾತಾಡಬೇಕಾದವಳು ನೀನು.

ಗಿರಾಕಿಗಳನ್ನು ಒಪ್ಪಿಸುತ್ತೀ ಎಂದು ಬರೆದಿದ್ದೀಯ. ಗಿರಾಕಿ ದುಡ್ಡು ಕೊಟ್ಟು ನನ್ನ ಮಾತು ಕೇಳುತ್ತಾನೆ. ಅವ್ವನಿಗೆ ನಾನು ಪುಕ್ಕಟೆ ಸಿಕ್ಕವಳು.

ಐದು ದಿನ ಉಳಿದಿದೆ. ಬರೆಯುತ್ತೀಯೋ ಇಲ್ಲವೋ?

ಶಿವರಂಜನಿ

*

ಸಿಂಧನೂರು
೧೪ ಆಗಸ್ಟ್ ೨೦೨೪

ಅಮೂಲ್ಯಾ,

ಹನ್ನೆರಡು ಹೋಯಿತು. ಅವ್ವ ಗುಡಿಗೆ ಹೋಗಿ ಬಂದಳಂತೆ. ಕಾಯಿ ಒಡೆಸಿದಳಂತೆ. ತಲೆ ಬಾಚುವಾಗ ಕೂದಲು ಹಿಡಿಹಿಡಿ ಕೈಗೆ ಬಂತಂತೆ, ಮಾವನ ಹೆಂಡತಿ ಹೇಳಿದಳು. ಬೋಳಿಸಿಕೊಳ್ಳಲು ಒಪ್ಪುತ್ತಿಲ್ಲ, ಸೆರಗು ಬಿಗಿಯಾಗಿ ಹೊದ್ದು ಕೂತಿದ್ದಾಳೆ.

ಡಾಕ್ಟರಿಗೆ ಫೋನ್ ಮಾಡಿ ಬೈಸಿಕೊಂಡೆ. ಹೆಚ್ಚೆಂದರೆ ಎರಡು ವಾರ ತಡವಾದರೆ ನಡೆಯುತ್ತದೆ, ಅದಕ್ಕೂ ಮೀರಿದರೆ ತಮ್ಮ ಕೈಯಲ್ಲಿಲ್ಲ ಎಂದರು. ಎರಡು ವಾರ ಅಂದರೆ ಇಪ್ಪತ್ತಾರು.

ನೀನು ಫೋನ್ ಎತ್ತುತ್ತಿಲ್ಲ. ಅವ್ವ ಹೋದರೆ ಜನ ನಿನಗೇನೂ ಅನ್ನುವುದಿಲ್ಲ, ತಿಳಿದುಕೋ. ಪಾಪ, ಔಷಧ ಮಾಡುವುದರೊಳಗೆ ತಾಯಿ ಹೋದಳು ಎಂದು ನಿನಗಾಗಿ ಅಳುತ್ತಾರೆ. ಜೊತೆಗಿದ್ದ ದೊಡ್ಡವಳು ಏನು ಮಾಡುತ್ತಿದ್ದಳು ಎಂದು ಕೇಳುವುದು ನನ್ನನ್ನು.

ಶಿ.

*

ಹೈದರಾಬಾದ್
೧೭ ಆಗಸ್ಟ್ ೨೦೨೪

ಅಕ್ಕ,

ಔಷಧ ಸೋತಿದೆ.

ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಅದು ಚೆನ್ನಾಗಿ ಕೆಲಸ ಮಾಡಿತು, ಸನ್ಮಾನ ಆದದ್ದು ಆಗ. ಇಲಿಗಳಿಗೆ ಕೊಟ್ಟಾಗ ಅರ್ಧ ಗಂಟೆಯಲ್ಲಿ ರಕ್ತದಲ್ಲೇ ಗಂಟು ಬಿಚ್ಚಿಹೋಯಿತು. ಸಕ್ಕರೆ ಒಂದು ದಾರಿ, ಔಷಧ ಒಂದು ದಾರಿ. ಕ್ಯಾನ್ಸರಿನ ಬಾಗಿಲಿಗೆ ಎರಡೂ ಒಟ್ಟಿಗೆ ಹೋಗಿ ಮುಟ್ಟಲೇ ಇಲ್ಲ. ಹಳೆಯ ಔಷಧ ಕೊಟ್ಟ ಇಲಿಗಳಿಗೂ ನನ್ನ ಔಷಧ ಕೊಟ್ಟ ಇಲಿಗಳಿಗೂ ಏನೂ ವ್ಯತ್ಯಾಸವಿಲ್ಲ. ಇದು ನನಗೆ ಜೂನ್‌ನಲ್ಲೇ ಗೊತ್ತು. "ನಡೆದಿದೆ" ಎಂದು ನಿನಗೆ ಬರೆದಾಗ ಅದು ಮುಗಿದು ಎರಡು ತಿಂಗಳಾಗುತ್ತ ಬಂದಿತ್ತು.

ಮನೆಯಲ್ಲಿ ಯಾರಿಗೂ ಯಾಕೆ ಹೇಳಲಿಲ್ಲ ಎಂದರೆ, ನಿನಗೆ ಗೊತ್ತಾಗಬಾರದು ಎಂದು. ಅವ್ವನಿಗಲ್ಲ, ನಿನಗೆ. ಅವ್ವನಿಗೆ ಹೇಳಿದರೆ ಹೋಗಲಿ ಬಿಡು ಎನ್ನುತ್ತಾಳೆ. ನೀನು ಏನೂ ಅನ್ನದೆ ಒಂದು ಸಲ ನೋಡುತ್ತೀಯಲ್ಲ, ಅದು ನನಗೆ ಬೇಡವಾಗಿತ್ತು. ಪೇಢೆ ತಿನ್ನದೆ ಹಂಚಿದ್ದನ್ನು ನಾನು ಅವತ್ತೇ ನೋಡಿದ್ದೆ ಅಕ್ಕ.

ಅವ್ವನಿಗೆ ಬೇರೆ ಹಾಳೆಯಲ್ಲಿ ಎಲ್ಲ ಬರೆದಿದ್ದೇನೆ. ನನ್ನ ಔಷಧ ಸೋತಿತು, ಪೇಪರಿನಲ್ಲಿ ಬಂದದ್ದು ತಪ್ಪು, ನಾನು ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು, ನೀನು ಆಸ್ಪತ್ರೆಗೆ ಹೋಗು ಎಂದು. ಲಿಂಗಸುಗೂರಿಗೆ ಹೋಗಿ ಓದಿ ಹೇಳು. ಮಾವನೂ ಕೇಳಲಿ. ನಿನ್ನ ಸಂತೋಷವನ್ನು ನಾನು ತಡೆಯುವುದಿಲ್ಲ.

ಅಮೂಲ್ಯಾ

*

ಸಿಂಧನೂರು
೨೭ ಆಗಸ್ಟ್ ೨೦೨೪

ಅಮ್ಮು,

ಮೊದಲು ಒಳ್ಳೆಯ ಸುದ್ದಿ. ನಿನ್ನೆ ಎರಡನೆಯ ಕಿಮೋ ಆಯಿತು. ಈಗ ಉಳಿದದ್ದನ್ನು ಕ್ರಮವಾಗಿ ಹೇಳುತ್ತೇನೆ, ಅದರಲ್ಲಿ ನಿನಗೆ ಗೊತ್ತಿರಬೇಕಾದ ಒಂದು ಮಾತಿದೆ.

ನಿನ್ನ ಪತ್ರ ಅಂಗಡಿಯಲ್ಲಿ ಕೂತು ಓದಿದೆ. ಓದಿ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಎದೆ ಹಗುರಾಯಿತು. ಅವಳೂ ಬಿದ್ದಳು, ನನ್ನ ಹಾಗೆಯೇ ಬಿದ್ದಳು ಎಂದು ಒಳಗೊಳಗೇ ನಕ್ಕೆ. ಬೆನ್ನುನೋವಿನ ಗುಳಿಗೆ ಕೇಳಿ ಬಂದ ಮುದುಕಿಗೆ ಒಂದು ಪಟ್ಟಿ ಹೆಚ್ಚಿಗೆ ಕೊಟ್ಟೆ. ಮಧ್ಯಾಹ್ನದ ಮೇಲೆ ಬಾಗಿಲು ಎಳೆದು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಲಿಂಗಸುಗೂರಿಗೆ ಹೊರಟೆ. ಮಸ್ಕಿಯ ಮೇಲೆಯೇ ಹಾದುಹೋಗುವ ಬಸ್ಸು. ನಿನಗೆ ಸನ್ಮಾನ ಮಾಡಿದ ಕಲ್ಯಾಣ ಮಂಟಪ ಕಂಡಿತು. ಚೀಲದಲ್ಲಿ ನಿನ್ನ ಪತ್ರ ಮುಟ್ಟಿ ನೋಡಿಕೊಂಡೆ.

ಮಾವನ ಮನೆಯಲ್ಲಿ ನಿನ್ನ ಪತ್ರ ಬಂದಿದೆ ಎಂದದ್ದೇ ತಡ, ಪ್ರವಚನಕ್ಕೆ ಕೂಡುವ ಹಾಗೆ ಕೂಡಿದರು. ಮಾವ ಅಂಗಡಿ ಬಿಟ್ಟು ಬಂದ. ಪಕ್ಕದ ಮನೆಯ ಕೌಸರ್ ಅಕ್ಕನನ್ನೂ ಕರೆದರು. ಅವ್ವ ಹೊಸದಾಗಿ ವಿಭೂತಿ ಹಚ್ಚಿಕೊಂಡು, ಸೆರಗಿನಿಂದ ತಲೆ ಮುಚ್ಚಿ ಗೋಡೆಗೆ ಒರಗಿದಳು. ಹದಿನೈದು ದಿನದಲ್ಲಿ ಮುಖ ಇಷ್ಟೇ ಆಗಿದೆ. "ಜೋರಾಗಿ ಓದು, ಎಲ್ಲಾರಿಗೂ ಕೇಳ್ಲಿ" ಎಂದಳು. ನನಗೂ ಅದೇ ಬೇಕಾಗಿತ್ತು.

ಹಾಳೆ ಬಿಚ್ಚಿದೆ. ಅಷ್ಟರಲ್ಲಿ ಮಾವ, "ಯಾವಾಗ ಬರ್ತೈತಂತ ಔಷಧ?" ಎಂದ. ಅವ್ವ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಯಾವಾಗರ ಬರ್ಲಿ. ಅಕಿ ಔಷಧ ನನಗ ಆಗಲಿಲ್ಲಾಂದ್ರ ಇನ್ನ ಯಾರ ಔಷಧನೂ ಆಗಂಗಿಲ್ಲ. ಅಷ್ಟು ಗಟ್ಟಿ ಮಾಡ್ಕೊಂಡೀನಿ. ಆಮ್ಯಾಲ ನನಗ ಎಲ್ಲಿಗೂ ಕರೀಬ್ಯಾಡ್ರಿ."

ನಿನ್ನ ಮೊದಲ ಸಾಲು "ಅವ್ವಾ, ನನ್ನ ಔಷಧ ಸೋತಿತು" ಎಂದು ಇತ್ತು. ಅದು ನಾಲಿಗೆಯ ಮೇಲೆ ಬಂದಿತ್ತು ಅಮ್ಮು. ಅದನ್ನು ಹೇಳಲೆಂದೇ ಐವತ್ತು ಕಿಲೋಮೀಟರ್ ಹೋದವಳು ನಾನು. ಅದನ್ನು ಹೇಳಿದ್ದರೆ ನೀನು ಬೀಳುತ್ತಿದ್ದೆ, ಅವಳೂ ಬೀಳುತ್ತಿದ್ದಳು. ಎದ್ದು ರಾಯಚೂರಿನ ಕಡೆ ಒಂದು ಹೆಜ್ಜೆ ಇಡುತ್ತಿರಲಿಲ್ಲ.

ಹಾಗಾಗಿ ನಾನು ಹಾಳೆ ನೋಡುತ್ತ, ಅದರಲ್ಲಿ ಇಲ್ಲದ್ದನ್ನು ಓದಿದೆ. "ಅವ್ವಾ, ನಾ ಮಾಡೋ ಔಷಧ ಬ್ಯಾರೆ ಅಲ್ಲ. ನಿನಗ ಹಾಕಿದ್ರಲ್ಲ ಆ ಕೆಂಪು ಔಷಧ, ಅದನ್ನ. ಅದಕ್ಕ ಸಕ್ಕರಿ ಅಂಗಿ ಹೊಲ್ಯಾಕತ್ತೀನಿ, ಅಷ್ಟ. ಅಂಗಿ ಹೊಲ್ಯಾಕ ಇನ್ನ ಭಾಳ ವರ್ಷ ಬೇಕು. ಹೊಲಿದಿದ್ದು ಇನ್ನ ಬಿಗಿ ಆಗಿಲ್ಲ, ಬಿಚ್ಚಿ ಹೊಲೀಬೇಕು. ಅಲ್ಲೀತನಕ ನೀ ಅಂಗಿ ಇಲ್ಲದ ಔಷಧನ ತಗೋ. ಔಷಧ ಒಂದ."

ಮಾವ ಬಟ್ಟೆ ವ್ಯಾಪಾರಿ, ಕೂಡಲೇ ತಲೆ ಅಲ್ಲಾಡಿಸಿದ. ಅವ್ವ ಕಣ್ಣು ತೆರೆದಳು. "ಅಂದ್ರ ನಾ ತಗೊಂಡಿದ್ದು ಅಮ್ಮುನ ಔಷಧನ?" ಎಂದಳು. ಹೌದು ಎಂದೆ. ನೀನೇ ಬರೆದಿದ್ದೆಯಲ್ಲ ಮೊದಲು, ಅದೇ ಔಷಧ ಎಂದು. ಅಲ್ಲಿಯವರೆಗೆ ನಾನು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಮತ್ತು ಆ ಬಾಯಿ ನಿನ್ನದು ಎಂದು ತಿಳಿದಿದ್ದರು. ಇಂಥ ಸಂದರ್ಭ ಮತ್ತೆ ಸಿಗುವುದಿಲ್ಲ ಎನಿಸಿತು. ಇನ್ನೊಂದು ಸಾಲು ಓದಿದೆ: "ಅಕ್ಕನ ಮಾತು ಕೇಳು ಅವ್ವಾ. ಔಷಧದ ವಿಷಯದಾಗ ಅಕಿ ನನಗಿಂತ ಶಾಣ್ಯಾಕಿ. ಅಕಿ ಇಲ್ಲಂದ್ರ ನೀ ಇಷ್ಟೊತ್ತಿಗೆ ಉಳೀತಿದ್ದಿಲ್ಲ."

ಓದಿ ತಲೆ ಎತ್ತಿದೆ. ಅವ್ವನ ಕಣ್ಣಲ್ಲಿ ನೀರು ಬಂದಿತ್ತು. ನನಗೂ ಬಂತು. ಮೂವತ್ತಾರು ವರ್ಷಕ್ಕೆ ಮೊದಲ ಸಲ ಅವಳು ನನ್ನ ಬಗ್ಗೆ ಏನೋ ಹೇಳುತ್ತಾಳೆ ಎಂದು ಕಾದೆ. ಅವಳು ಕೌಸರ್ ಅಕ್ಕನ ಕಡೆ ತಿರುಗಿ ಹೇಳಿದಳು: "ನೋಡ್ರಿ, ಅಮ್ಮುಂದು ಎಂಥಾ ದೊಡ್ಡ ಮನಸ್ಸು. ಅಷ್ಟು ಓದ್ಯಾಳ, ಆದ್ರೂ ಅಕ್ಕನ್ನ ಹೆಂಗ ಮ್ಯಾಲ ಎತ್ತಿ ಮಾತಾಡ್ತಾಳ!" ಕೌಸರ್ ಅಕ್ಕ, "ಇಂಥಾ ಮಗಳು ಎಲ್ಲಾರಿಗೂ ಸಿಗಂಗಿಲ್ಲ ಬಿಡ್ರಿ" ಎಂದರು. ಆಮೇಲೆ ಅವ್ವ ನನಗೆ ಅಂದಳು: "ಅಕಿ ನೋಡು, ಎಷ್ಟು ತಿಳಿಸಿ ಹೇಳ್ಯಾಳ. ನೀ ಇಷ್ಟು ದಿನ ಬರೇ ಒದರ್ಯಾಡಿದಿ."

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಅಲ್ಲೇ ಕೂತು ಉಂಡೆ.

ಆದರೆ ಎದ್ದಳು. ಅವತ್ತೇ ಮಾವ ನಾಪಿತನನ್ನು ಕರೆಸಿದ, ತಲೆ ಬೋಳಿಸಿಕೊಂಡಳು. ಇಪ್ಪತ್ತಾರೂ ಶ್ರಾವಣ ಸೋಮವಾರವೇ ಆಗಿತ್ತು. ಅಮರೇಶ್ವರನ ನೆನಪಾಗಲಿಲ್ಲ. ಈಗ ಸಿಂಧನೂರಿನಲ್ಲಿ ಇದ್ದಾಳೆ, ನಿನ್ನೆಯಿಂದ ಹನ್ನೊಂದು ಸಲ ವಾಂತಿ. ನಿನ್ನ ಪತ್ರ ಕೇಳಿ ಇಸಿದುಕೊಂಡು ಜಗಲಿಯ ಮೇಲೆ ಇಟ್ಟಿದ್ದಾಳೆ. ಕೈಬರಹ ಓದಲು ಬಾರದಲ್ಲ, ನಾನು ಏನು ಮಾಡಲಿ? ನಿನ್ನ ಸೋಲಿಗೆ ಎರಡು ಹೊತ್ತೂ ಊದಿನಕಡ್ಡಿ ಬೆಳಗುತ್ತಿದ್ದಾಳೆ.

ಅವಳು ಫೋನಿನಲ್ಲಿ ಆ ಕೊನೆಯ ಸಾಲಿನ ಬಗ್ಗೆ ಕೇಳಿಯಾಳು. ನೀನು ಬರೆದಿಲ್ಲ ಎಂದು ಹೇಳಿದರೂ ನನಗೆ ಬೇಸರವಿಲ್ಲ. ಇದೆ, ಆದರೂ ಹೇಳು.

ಇನ್ನೊಂದು ವಿಷಯ. ರಕ್ತದಲ್ಲೇ ಗಂಟು ಬಿಚ್ಚುತ್ತದೆ ಎಂದೆಯಲ್ಲ. ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ಕರಗುವ ಗುಳಿಗೆಗಳನ್ನು ನಾನು ದಿನಾ ಮಾರುತ್ತೇನೆ. ಅದಕ್ಕೆ ಯಾರೋ ಎಲ್ಲಿ ಬಿಚ್ಚಬೇಕೋ ಅಲ್ಲೇ ಬಿಚ್ಚುವಂಥ ಲೇಪ ಹುಡುಕಿದರು. ನಿನ್ನ ಗಂಟಿಗೂ ಅಂಥದ್ದು ಏನಾದರೂ ಇರಬೇಕು. ಡಿಪ್ಲೊಮಾ ಮಾಡಿದವಳ ಮಾತು, ಬಿಟ್ಟರೆ ಬಿಡು.

ಶಾಣ್ಯಾಕಿ,
ಶಿವರಂಜನಿ

*

ಹೈದರಾಬಾದ್
೧ ಸೆಪ್ಟೆಂಬರ್ ೨೦೨೪

ಅಕ್ಕ,

ಅವ್ವ ಕೇಳಿದಳು. ನಾನೇ ಬರೆದದ್ದು ಎಂದೆ.

ಹದಿನಾರಕ್ಕೆ ಮೂರನೆಯದು ಅಲ್ಲವೇ? ಹದಿನೈದಕ್ಕೆ ನಾನು ಬರುತ್ತೇನೆ.

ಅಮ್ಮು

*

ಹೈದರಾಬಾದ್
೧೯ ಸೆಪ್ಟೆಂಬರ್ ೨೦೨೪

ಅಕ್ಕ,

ಕ್ಷೇಮವಾಗಿ ಬಂದು ಸೇರಿದೆ. ನೀನು ಕಟ್ಟಿಕೊಟ್ಟ ಸಜ್ಜೆ ರೊಟ್ಟಿ ಲ್ಯಾಬಿನಲ್ಲಿ ಹಂಚಿಕೊಂಡು ತಿಂದೆವು. ಗುರುಗಳಿಗೆ ಮನೆಯ ವಿಷಯ ಎಲ್ಲ ಹೇಳಿದ್ದೇನೆ. ಸೋತದ್ದನ್ನೂ ಪ್ರಬಂಧದಲ್ಲಿ ಬರೆಯಬೇಕು, ಗಂಟನ್ನು ಬದಲಾಯಿಸಿ ಮತ್ತೆ ನೋಡಬೇಕು ಎಂದರು. ನಿನ್ನ ಗುಳಿಗೆಯ ಲೇಪದ ಮಾತು ಹೇಳಿದೆ. ತಾವು ಮೂರು ತಿಂಗಳಿಂದ ಹೇಳುತ್ತಿರುವುದೂ ಅದೇ, ನಿಮ್ಮಕ್ಕ ಹೇಳಿದ ಮೇಲೆ ತಿಳಿಯಿತೇ ಎಂದು ಬೈದರು. ಮಸ್ಕಿಯ ವರದಿಗಾರನಿಗೂ ಫೋನ್ ಮಾಡಿದೆ. ತಿದ್ದುಪಡಿ ಹಾಕುತ್ತೇನೆ ಎಂದಿದ್ದಾನೆ, ಹಾಕುವ ತನಕ ಬಿಡುವುದಿಲ್ಲ.

ಬರೆಯಬೇಕೆಂದಿದ್ದು ಇದಲ್ಲ.

ಮೂರು ದಿನ ನಾನು ನಿನ್ನ ಮನೆಯಲ್ಲಿ ಬೀಗರ ಹಾಗೆ ಇದ್ದೆ. ಕುರ್ಚಿ ನನಗೆ, ಮೊದಲ ರೊಟ್ಟಿ ನನಗೆ. ಅವ್ವ ನನ್ನೆದುರು ಸೆರಗು ಸರಿಮಾಡಿಕೊಂಡು ಕೂಡುತ್ತಿದ್ದಳು. ಬೋಳಾದ ತಲೆಯನ್ನು ನನಗೆ ಒಮ್ಮೆಯೂ ತೋರಿಸಲಿಲ್ಲ. ನೀನು ಎಣ್ಣೆ ಹಚ್ಚುವಾಗ ಬಾಗಿಲು ಮುಚ್ಚಿಕೊಂಡಿರಿ. ಒಳಗಿನಿಂದ ನಿಮ್ಮಿಬ್ಬರ ನಗು ಕೇಳಿಸಿತು. ನಾನು ಪಡಸಾಲೆಯಲ್ಲಿ ನನ್ನ ಫೋಟೋದ ಕೆಳಗೆ ಕೂತಿದ್ದೆ.

ಬಸ್ಸಿನಲ್ಲಿ ವಾಂತಿ ಬಂದಾಗ ನಾನೇ ಪಕ್ಕದಲ್ಲಿದ್ದೆ, ಚೀಲ ಹಿಡಿದೆ. ಅವಳು ನನ್ನ ಕೈ ಸರಿಸಿದಳು. "ನೀ ಸರಿ ಅಮ್ಮು, ಬಟ್ಟಿ ಹೊಲಸಾಗ್ತಾವು. ರಂಜು ಎಲ್ಲಿ? ರಂಜೂ" ಎಂದಳು. ನೀನು ಹಿಂದಿನ ಸೀಟಿನಿಂದ ಎದ್ದು ಬಂದೆ, ನಾನು ಎದ್ದು ಜಾಗ ಬಿಟ್ಟೆ, ನಿನ್ನ ಸೀಟಿಗೆ ಬೇರೆ ಯಾರೋ ಕೂತರು. ಅವಳು ನಿನ್ನ ಭುಜದ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಸೆರಗು ಜಾರಿದ್ದೂ ಅವಳಿಗೆ ಗೊತ್ತಾಗಲಿಲ್ಲ. ಕವಿತಾಳ ಕ್ರಾಸಿನಿಂದ ಸಿಂಧನೂರಿನ ತನಕ ಕಂಬಿ ಹಿಡಿದು ನಿಂತು ನಿಮ್ಮಿಬ್ಬರನ್ನು ನೋಡಿದೆ. ನನಗೆ ಹೊಟ್ಟೆ ಉರಿಯಿತು ಅಕ್ಕ. ನಿನ್ನನ್ನು ಎಬ್ಬಿಸಿ ಆ ಸೀಟು ಕಸಿದುಕೊಳ್ಳಬೇಕೆನಿಸಿತು.

ನಿನಗೆ ಅವಳು ಬೈಯುತ್ತಾಳೆ. ನನಗೆ ಒಂದು ಸಲವೂ ಬೈಯಲಿಲ್ಲ.

ಅಮ್ಮು

*

ಸಿಂಧನೂರು
೨೪ ಸೆಪ್ಟೆಂಬರ್ ೨೦೨೪

ಅಮ್ಮು,

ನಿನ್ನ ಪತ್ರ ಮೂರು ಸಲ ಓದಿದೆ. ಮೂರನೆಯ ಸಲ ಗಿರಾಕಿಯನ್ನು ಕಾಯಲು ಹೇಳಿ ಓದಿದೆ. ನಿನಗೂ ಹೊಟ್ಟೆ ಉರಿಯುತ್ತದೆ ಎಂದು ತಿಳಿದು ನನಗಾದ ಸಂತೋಷಕ್ಕೆ ದೇವರು ಏನು ಶಿಕ್ಷೆ ಕೊಡುತ್ತಾನೋ ಕೊಡಲಿ.

ಅವ್ವ ಸುಧಾರಿಸಿದ್ದಾಳೆ. ನಿನ್ನೆ ಎರಡು ರೊಟ್ಟಿ ತಿಂದು ಪಲ್ಯಕ್ಕೆ ಉಪ್ಪು ಕಡಿಮೆ ಎಂದು ನನಗೆ ಬೈದಳು. ಬೈಸಿಕೊಳ್ಳುವುದನ್ನು ನೋಡಿ ಆಸೆಪಡುವವಳು ಒಬ್ಬಳಿದ್ದಾಳೆ ಎಂದು ನೆನೆದು ಉಪ್ಪಿನ ಡಬ್ಬಿ ತಂದಿಟ್ಟೆ. ಪಾಮನಕಲ್ಲೂರಿನ ಅಂಬಪ್ಪ ಮತ್ತೆ ಬಂದಿದ್ದರು, ಹೆಂಡತಿಯನ್ನು ರಾಯಚೂರಿಗೆ ತೋರಿಸಿದ್ದಾರೆ.

ನಾಲ್ಕನೆಯದು ಅಕ್ಟೋಬರ್ ಏಳಕ್ಕೆ. ಆರರ ಸಂಜೆಗೆ ನೀನು ಇಲ್ಲಿರಬೇಕು. ಈ ಸಲ ನಾನು ಬರುವುದಿಲ್ಲ. ಅಂಗಡಿಯಲ್ಲಿರುತ್ತೇನೆ, ಫೋನ್ ಎತ್ತುವುದಿಲ್ಲ. ನಿನಗೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ ಎನ್ನುವುದನ್ನು ಚೆನ್ನಾಗಿ ತಿಳಿದುಕೊಂಡೇ ಬಾ. ಅವ್ವ ನನ್ನನ್ನು ಕರೆಯುತ್ತಾಳೆ ಎನ್ನುವುದೊಂದೇ ನನ್ನ ಹತ್ತಿರ ಇದ್ದದ್ದು.

ಹಳೆಯ ಸೀರೆ ಉಟ್ಟುಕೋ. ಕಿಟಕಿಯ ಪಕ್ಕದ ಸೀಟು ಅವಳಿಗೆ. ಚೀಲ ಎಡಗೈಯಲ್ಲಿ ಹಿಡಿ, ಬಲಗೈ ಅವಳ ಹಣೆಗೆ ಒತ್ತಿ ಹಿಡಿ. ವಾಂತಿ ನಿಂತ ಕೂಡಲೇ ನೀರು ಕೊಡಬೇಡ, ಬಾಯಿ ಒರೆಸಿ ಸ್ವಲ್ಪ ಹೊತ್ತು ತಡಿ. ನಿನ್ನ ಕೈ ಸರಿಸುತ್ತಾಳೆ, ಸರಿಸಲಿ, ಮತ್ತೆ ಹಿಡಿ. ಮಾನ್ವಿ ಬರುವುದರೊಳಗೆ ರಂಜೂ ರಂಜೂ ಎಂದು ಕರೆಯುತ್ತಾಳೆ.

ನೀನು ಓ ಅನ್ನು.

ರಂಜು